ನಾನು ಬೆಳೆಸಿದ ಮೆಂತ್ಯ

ಪರೋಪಕಾರದ ಬುದ್ಧಿ ನನಗೆ ಬರುವುದು ಹೊಟ್ಟೆ ತುಂಬಿದ ಮೇಲೆ. ಹಸಿದಾಗ ನಾನು ಯಾರಿಗೂ ಒಳ್ಳೆಯದನ್ನು ಬಯಸಿದ ನೆನಪಿಲ್ಲ. ಎರಡು ಸಲ ಅನ್ನ ಬಡಿಸಿಕೊಂಡು, ಮಜ್ಜಿಗೆ ಕುಡಿದು, ಸೋಫಾಕ್ಕೆ ಒರಗಿದಾಗ ಮಾತ್ರ ಈ ಲೋಕ ಎತ್ತ ಸಾಗುತ್ತಿದೆ, ಸಣ್ಣ ರೈತರ ಗತಿಯೇನು ಎಂಬ ಚಿಂತೆಗಳು ಒಂದೊಂದಾಗಿ ಬಂದು ಪಕ್ಕದಲ್ಲಿ ಕೂರುತ್ತವೆ. ಹಾಗೊಂದು ಭಾನುವಾರ ಮಧ್ಯಾಹ್ನ, ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಸ್ಯಾನ್ ಮಟಿಯೋದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬಿಸಿಬೇಳೆಭಾತಿನ ಭಾರಕ್ಕೆ ಅಲುಗಾಡಲಾಗದೆ ಬಿದ್ದಿದ್ದಾಗ, ಫೋನಿನ ಮೇಲೆ ಬೆರಳೊತ್ತಿ ಪೆಸ್ಕಡೇರೊದ ಒಂದು ಸಣ್ಣ ತೋಟಕ್ಕೆ ಚಂದಾದಾರನಾಗಿಬಿಟ್ಟೆ. ಪೆಸ್ಕಡೇರೊ ಎಂದರೆ ಬೆಟ್ಟ ದಾಟಿ ಆಚೆ, ಸಮುದ್ರದ ಕಡೆಗಿರುವ ಪುಟ್ಟ ಹಳ್ಳಿ. ಪ್ರತಿ ಶನಿವಾರ ಅಲ್ಲಿಗೆ ಹೋದರೆ ಆ ವಾರ ಬೆಳೆದ ತರಕಾರಿಯನ್ನು ಒಂದು ಪೆಟ್ಟಿಗೆ ತುಂಬ ಕೊಡುತ್ತಾರೆ. ಏನು ಕೊಡುತ್ತಾರೆ ಎಂಬುದು ಅವರ ಇಷ್ಟ, ಅಥವಾ ಭೂಮಿತಾಯಿಯ ಇಷ್ಟ.

ಭೂಮಿತಾಯಿಗೆ ನಮ್ಮ ಮನೆಯ ರುಚಿ ಗೊತ್ತಿರಲಿಲ್ಲ. ಮೊದಲ ವಾರ ಕೇಲ್ ಎಂಬ ಸೊಪ್ಪು ಬಂತು. ನನ್ನ ಹೆಂಡತಿ ಸುನಂದಾ ಬಾಗಲಕೋಟೆಯವಳು, ಸೊಪ್ಪಿಗೆ ಹೆದರುವವಳಲ್ಲ. ಆದರೆ ಒಂದು ತಾಸು ಬೇಯಿಸಿದರೂ ಕೇಲ್ ಪಾತ್ರೆಗೆ ಇಳಿದಾಗ ಹೇಗಿತ್ತೋ ಹಾಗೆಯೇ ಇತ್ತು. ಕರಗಿದ್ದು ಅದರ ಜೊತೆ ಹಾಕಿದ ಬೇಳೆ ಮಾತ್ರ. ಎರಡನೆಯ ವಾರ ಬಡೇಸೋಪಿನ ಗಡ್ಡೆ. ಅದನ್ನು ಸಾರಿಗೆ ಹಾಕಿದ್ದರಿಂದ, ಊಟಕ್ಕೆ ಕೂರುವ ಮುಂಚೆಯೇ ಊಟ ಮುಗಿದು ಹೋಟೆಲಿನ ಬಿಲ್ಲಿನ ಜೊತೆ ಸೋಂಪು ಬಂದಂತೆ ಮನೆಯೆಲ್ಲ ಘಮಘಮಿಸಿತು. ಮೂರನೆಯ ವಾರ ಮತ್ತೆ ಕೇಲ್, ಈ ಸಲ ನೇರಳೆ ಬಣ್ಣದ್ದು. ಹತ್ತು ವರ್ಷದ ಮಗಳು ಅನಘಾ ತಟ್ಟೆಯನ್ನು ಬೆರಳಿನಿಂದ ದೂರ ತಳ್ಳಿ, “ವಿ ಕ್ಯಾನ್ ಸಪೋರ್ಟ್ ದೆಮ್ ವಿದೌಟ್ ಈಟಿಂಗ್ ಇಟ್, ಅಪ್ಪಾ” ಎಂದಳು. ಸುನಂದಾ ಇನ್ನೂ ಸೌಮ್ಯವಾಗಿ, “ರೈತರನ್ನ ಉಳಸೂಣು ರೀ, ಬ್ಯಾಡ ಅನ್ನಂಗಿಲ್ಲ. ಆದ್ರ ನಾವೂ ಉಳೀಬೇಕಲ್ಲ” ಎಂದಳು. ನಾನು ಇಬ್ಬರಿಗೂ ಸ್ಥಳೀಯ ಆಹಾರದ ಮಹತ್ವದ ಬಗ್ಗೆ ಒಂದು ಸಣ್ಣ ಉಪನ್ಯಾಸ ಕೊಟ್ಟೆ. ಸೋಮವಾರ ಬೆಳಿಗ್ಗೆ, ಯಾರೂ ಏಳುವ ಮುಂಚೆ, ಉಳಿದ ಕೇಲನ್ನು ಚೀಲಕ್ಕೆ ತುಂಬಿ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ನನ್ನ ಆಫೀಸಿಗೆ ಒಯ್ದು, ಅಲ್ಲಿನ ಅಡುಗೆಕೋಣೆಯ ಮೇಜಿನ ಮೇಲಿಟ್ಟು, ಹಿಂದಿರುಗಿ ನೋಡದೆ ನಡೆದೆ.

ತೋಟದ ಒಡತಿ ಮಾರ್ಥಾ. ಅರವತ್ತು ದಾಟಿದ, ಒಂದು ಮಂಡಿ ಬಗ್ಗದ ಹೆಂಗಸು. ಗಂಡ ತೀರಿಕೊಂಡ ಮೇಲೆ ಲೂಪೆ ಎಂಬಾಕೆಯನ್ನು ಜೊತೆಗಿಟ್ಟುಕೊಂಡು ಆ ನಾಲ್ಕಾರು ಎಕರೆ ನೋಡಿಕೊಳ್ಳುತ್ತಿದ್ದಳು. ಪೆಟ್ಟಿಗೆ ತರಲು ಹೋದಾಗಲೆಲ್ಲ ತರಕಾರಿ ಹೇಗಿತ್ತು ಎಂದು ಕೇಳುವಳು. ನಾನು ಅದ್ಭುತ ಎನ್ನುವೆ. ಒಂದು ಶನಿವಾರ, ಖಾಲಿ ಬಿದ್ದ ಉದ್ದನೆಯ ಮಡಿಗಳನ್ನು ತೋರಿಸಿ, ಇಲ್ಲಿ ಏನು ಬೆಳೆದರೆ ನಿಮ್ಮವರು ತಿನ್ನುತ್ತಾರೆ ಎಂದಳು. ಮೆಂತ್ಯ ಅಂದೆ. ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಪ್ರಬಂಧದ ಅಗತ್ಯವಿರಲಿಲ್ಲ. ನಿಮ್ಮದು ಒಕ್ಕಲುತನದ ಮನೆಯೇ ಎಂದು ಅವಳು ಕಣ್ಣರಳಿಸಿ ಕೇಳಿದಳು. ನಮ್ಮಪ್ಪ ಹುಬ್ಬಳ್ಳಿಯ ಅಂಚೆ ಕಚೇರಿಯಲ್ಲಿ ರಿಜಿಸ್ಟರ್ ಕೌಂಟರಿನ ಹಿಂದೆ ಕೂತು ನಿವೃತ್ತರಾದವರು. ನಮ್ಮ ಮನೆತನದ ಒಟ್ಟು ಬೇಸಾಯ ಒಂದು ತುಳಸಿ ಗಿಡ, ಅದಕ್ಕೂ ನೀರು ಹಾಕುತ್ತಿದ್ದವಳು ಅಮ್ಮ. ಆದರೆ ಮಾರ್ಥಾಳ ಮುಖದಲ್ಲಿದ್ದ ಆ ಗೌರವವನ್ನು ಒರೆಸಿಹಾಕಲು ನನಗೆ ಮನಸ್ಸಾಗಲಿಲ್ಲ. ತಲೆಮಾರುಗಳಿಂದ, ಎಂದೆ. ಅಂಗಡಿಯಲ್ಲಿ ಸಿಗುವ ಮೆಂತ್ಯದ ಕಾಳನ್ನೇ ಚೆಲ್ಲಿದರೆ ಸಾಕು ಎಂದೂ ಹೇಳಿದೆ. ಇದು ನಿಜ, ಸುನಂದಾಳ ಬಾಲ್ಕನಿಯ ಕುಂಡದಿಂದ ಕದ್ದ ವಿದ್ಯೆ. ಎಷ್ಟು ಜನ ಕೊಳ್ಳಬಹುದು ಎಂದಾಗ, ನಮ್ಮವರೇ ತುಂಬಿರುವ ಫಾಸ್ಟರ್ ಸಿಟಿಯಿಂದ ಇಲ್ಲಿಯವರೆಗೆ ಕಾರುಗಳ ಸಾಲು ನಿಲ್ಲುತ್ತದೆ ಎಂದು ಕೈಯಲ್ಲೇ ಸಾಲನ್ನು ಎಳೆದು ತೋರಿಸಿದೆ.

ತಿಂಗಳು ಕಳೆಯಿತು. ಶನಿವಾರಗಳಂದು ಗೇಟಿನಿಂದಲೇ ಪೆಟ್ಟಿಗೆ ಎತ್ತಿಕೊಂಡು ಬರುತ್ತಿದ್ದ ನಾನು ಆಡಿದ್ದನ್ನು ಪೂರ್ತಿ ಮರೆತಿದ್ದೆ. ಒಂದು ಬುಧವಾರ ಮೀಟಿಂಗಿನ ನಡುವೆ ಫೋನಿಗೆ ಒಂದು ಫೋಟೋ ಬಂತು. ಆ ತುದಿಯಿಂದ ಈ ತುದಿಯವರೆಗೆ ದಟ್ಟವಾಗಿ ನಿಂತ ಹಸಿರು. ಅದರ ನಡುವೆ ಮಂಡಿ ಬಗ್ಗಿಸಲಾಗದೆ ಸೊಂಟದಿಂದಲೇ ಬಾಗಿದ ಮಾರ್ಥಾ. ಕೆಳಗೆ, ನಿಮ್ಮ ಮೆಂತ್ಯ ಸಿದ್ಧವಾಗಿದೆ, ಹೂ ಬಿಡುವ ಮುಂಚೆ ಬನ್ನಿ, ನಿಮ್ಮ ಜನರಿಗೂ ತಿಳಿಸಿ ಎಂದಿತ್ತು. ಆ ಮಡಿಗಳಲ್ಲಿ ಅವಳು ಪ್ರತಿವರ್ಷ ಲೆಟ್ಯೂಸ್ ಹಾಕುತ್ತಿದ್ದಳು, ನನ್ನ ಮಾತು ಕೇಳಿ ಈ ಸಲ ಬಿಟ್ಟಿದ್ದಳು ಎಂಬುದೂ ಅದರಲ್ಲೇ ತಿಳಿಯಿತು. ಹವಾನಿಯಂತ್ರಿತ ಕೋಣೆಯಲ್ಲಿ ಕೂತೇ ಬೆವರಿದೆ. ಕೂಡಲೇ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿ, ತಾಜಾ ಮೆಂತ್ಯ, ಶನಿವಾರ, ಬನ್ನಿ ಎಂದು ಬರೆದೆ. ಹೃದಯಗಳು ಬಂದವು, ಕೈಮುಗಿದ ಚಿತ್ರಗಳು ಬಂದವು. ಒಬ್ಬರು ಮನೆಗೆ ತಂದುಕೊಡುತ್ತಾರೆಯೇ ಎಂದು ಕೇಳಿದರು. ಇನ್ನೊಬ್ಬರು ಬಿಡಿಸಿ ಕೊಡುತ್ತಾರೆಯೇ ಎಂದರು. ಬೆಟ್ಟದ ಮೇಲಿನ ಆ ತಿರುವುಗಳಲ್ಲಿ ನಮ್ಮ ಅತ್ತೆಗೆ ವಾಂತಿಯಾಗುತ್ತದೆ ಎಂದು ಮತ್ತೊಬ್ಬರು ಬರೆದರು. ಗುರುವಾರದ ಹೊತ್ತಿಗೆ ಮಾತು ಯಾರದೋ ಮಗನ ಕಾಲೇಜು ಪ್ರವೇಶಕ್ಕೆ ಹೊರಳಿತ್ತು.

ಅಂದು ಸಂಜೆ ಸುನಂದಾಳ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಆಫೀಸಿಗೆ ಒಯ್ದ ಕೇಲಿನ ವಿಷಯವನ್ನೂ ಸೇರಿಸಿಯೇ ಹೇಳಿದೆ; ಅದು ಅವಳಿಗೆ ಆ ಸೋಮವಾರವೇ ತಿಳಿದಿತ್ತಂತೆ. ಅವಳು ನಗಲಿಲ್ಲ, ಬೈಯಲೂ ಇಲ್ಲ. ಫೋಟೋವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಎಲೆ ಇನ್ನೂ ಎಳೇದೈತಿ, ಹಸೀದ ತಿನ್ನಬಹುದು ಎಂದಷ್ಟೇ ಹೇಳಿ, ಜೋಳದ ಹಿಟ್ಟು ಎಷ್ಟಿದೆ ಎಂದು ಡಬ್ಬಿ ತೆಗೆದು ನೋಡಿದಳು.

ಶನಿವಾರ ಮೂವರೂ ಹೋದೆವು. ತೋಟದ ಮುಂದೆ ರಸ್ತೆಗೆ ಹತ್ತಿಕೊಂಡೇ ಮಾರ್ಥಾಳ ತರಕಾರಿ ಕಟ್ಟೆ. ಅದರ ಮೇಲೆ ಮೆಂತ್ಯದ ಕಟ್ಟುಗಳು ಗೋಪುರದಂತೆ ಏರಿದ್ದವು. ಮಾರ್ಥಾ ರಸ್ತೆಯ ಕಡೆ ನೋಡುತ್ತ ನಿಂತಿದ್ದಳು, ಕಾರುಗಳ ಸಾಲಿಗಾಗಿ. ಆ ನೋಟ ಕಂಡು ನಾನು ಈ ವಾರಾಂತ್ಯದ ಟ್ರಾಫಿಕ್ಕು, ಹವಾಮಾನ ಎಂದು ಶುರು ಮಾಡಿದೆ. ಸುನಂದಾ ನನ್ನ ತೋಳು ಹಿಡಿದು ನಿಲ್ಲಿಸಿ, ನೇರವಾಗಿ ಹೇಳಿಬಿಟ್ಟಳು: ಇವರು ರೈತರಲ್ಲ, ಇವರಪ್ಪ ಅಂಚೆ ಕಚೇರಿಯಲ್ಲಿದ್ದವರು, ಯಾರೂ ಬರುವುದಿಲ್ಲ, ತಪ್ಪಾಯಿತು.

ಮಾರ್ಥಾ, ಇವರು ರೈತರಲ್ಲ ಎಂಬುದು ನನಗೆ ಗೊತ್ತಿತ್ತು ಎಂದಳು. ಮೊದಲ ದಿನವೇ ನಾನು ಆಲೂಗಡ್ಡೆಯ ಗಿಡದ ಮುಂದೆ ನಿಂತು, ಇದರಲ್ಲಿ ಕಾಯಿ ಯಾವಾಗ ಬಿಡುತ್ತದೆ ಎಂದು ಕೇಳಿದ್ದೆನಂತೆ. ಹಾಗಿದ್ದರೆ ಮೆಂತ್ಯ ಯಾಕೆ ಹಾಕಿದಿರಿ ಎಂದು ಸುನಂದಾ ಕೇಳಿದಳು.

“ಏನು ಬೆಳೆಯಲಿ ಅಂತ ವರ್ಷಾನುಗಟ್ಟಲೆ ಎಲ್ಲರನ್ನೂ ಕೇಳ್ತಾ ಬಂದಿದ್ದೀನಿ. ಎಲ್ಲರೂ, ನೀವು ಏನು ಬೆಳೆದರೂ ಚಂದ ಅಂತಾರೆ. ಆಮೇಲೆ ಒಬ್ಬೊಬ್ಬರೇ ಬರೋದು ನಿಲ್ಲಿಸ್ತಾರೆ. ಒಂದು ಗಿಡದ ಹೆಸರು ಹೇಳಿದೋನು ಇವನೊಬ್ಬನೇ.”

ನಾನು ಆ ಹೊಗಳಿಕೆಯನ್ನು ಸ್ವೀಕರಿಸಲು ಮುಖ ಸಿದ್ಧ ಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಸುನಂದಾ ಕಾರಿನಿಂದ ಗ್ಯಾಸ್ ಒಲೆ, ಹಂಚು, ಹಿಟ್ಟು ಇಳಿಸಿ ಆಗಿತ್ತು. ಹಸಿ ಮೆಂತ್ಯವನ್ನು ಸಣ್ಣಗೆ ಹೆಚ್ಚಿ, ಈರುಳ್ಳಿ, ಗುರೆಳ್ಳು ಪುಡಿ, ಉಪ್ಪು, ಒಂದಿಷ್ಟು ಎಣ್ಣೆ ಹಾಕಿ ಕಲಸಿದಳು. ರೊಟ್ಟಿ ಬಡಿಯುವ ಸದ್ದು ಕೇಳಿ ಹೊಲದಿಂದ ಲೂಪೆ ಕೈ ಒರೆಸಿಕೊಳ್ಳುತ್ತ ಬಂದಳು. ಇವಳಿಗೆ ಸ್ಪ್ಯಾನಿಷ್ ಬಾರದು, ಅವಳಿಗೆ ಕನ್ನಡ ಬಾರದು. ಲೂಪೆ ಒಂದು ಉಂಡೆ ಹಿಟ್ಟು ಕೇಳಿ ಪಡೆದು, ತನ್ನೂರಿನ ರೊಟ್ಟಿಯಂತೆ ಎರಡು ಅಂಗೈಗಳ ನಡುವೆ ತಟ್ಟತೊಡಗಿದಳು. ಮೊದಲನೆಯದು ಸೀಳಿತು. ಎರಡನೆಯದು ಸುನಂದಾಳ ರೊಟ್ಟಿಗಿಂತ ದುಂಡಗಾಯಿತು. ಇದನ್ನು ಬರೆಯಲು ನನಗೆ ಮನೆಯಿಂದ ಅನುಮತಿ ಇದೆ.

ಶನಿವಾರಗಳಂದು ಆ ರಸ್ತೆಯಲ್ಲಿ ಸೈಕಲ್ಲಿನವರ ದಂಡೇ ಹೋಗುತ್ತದೆ. ಮೈಗಂಟಿದ ಬಣ್ಣದ ಬಟ್ಟೆಯ, ಬೆಟ್ಟ ಹತ್ತಿ ಹಸಿದ ಜನ. ಹಸಿರಾಗಿದ್ದು, ಹಸಿಯಾಗಿದ್ದು, ಸ್ವಲ್ಪ ಕಹಿಯಾಗಿದ್ದರೆ ಅವರು ಅದನ್ನು ಬಿಡುವವರೇ ಅಲ್ಲ. ಅನಘಾ ರಸ್ತೆಯಂಚಿಗೆ ನಿಂತು ನಮ್ಮ ಅಜ್ಜಿಯ ಊರಿನ ಊಟ ಎಂದು ಕೂಗಿ ಹೇಳಿದಳು, ಇಂಗ್ಲಿಷಿನಲ್ಲಿ. ಒಬ್ಬ ನಿಂತ, ಅವನ ಹಿಂದೆ ಆರು ಜನ ನಿಂತರು. ರೊಟ್ಟಿ ತಿಂದವರು ಬೆನ್ನಿನ ಜೇಬಿಗೆ ಮೆಂತ್ಯದ ಕಟ್ಟು ಸಿಕ್ಕಿಸಿಕೊಂಡು ಹೋದರು. ಹಳ್ಳಿಯ ಹೆಂಗಸರು ವಾಸನೆ ಹಿಡಿದು ಬಂದರು. ಮಧ್ಯಾಹ್ನಕ್ಕೆ ಹಿಟ್ಟು ಮುಗಿಯಿತು, ಗೋಪುರ ಅರ್ಧಕ್ಕೆ ಇಳಿಯಿತು. ಉಳಿದರ್ಧ ಮಾತ್ರ ಏನು ಮಾಡಿದರೂ ಹೋಗಲಿಲ್ಲ. ಅದನ್ನೂ, ಕೊಯ್ಯದೆ ಬಿಟ್ಟ ಮಡಿಗಳನ್ನೂ ಮಾರ್ಥಾ ಮಣ್ಣಿಗೇ ಸೇರಿಸಿ ಉತ್ತುಬಿಟ್ಟಳು. ಭೂಮಿಗೆ ಒಳ್ಳೆಯ ಗೊಬ್ಬರವಂತೆ. ಕನ್ನಡ ಗುಂಪಿನಿಂದ ಬಂದವರು ಒಬ್ಬರೇ, ಅವರೂ ಬೀಚಿಗೆಂದು ಹೊರಟು ದಾರಿ ತಪ್ಪಿದವರು.

ಈಗ ಯಾವ ಮಡಿಗೆ ಏನು ಎಂಬುದನ್ನು ಮಾರ್ಥಾ, ಲೂಪೆ, ಸುನಂದಾ ಮೂವರೂ ಕೂತು ತೀರ್ಮಾನಿಸುತ್ತಾರೆ. ಪೆಟ್ಟಿಗೆಯಲ್ಲಿ ಸಬ್ಬಸಿಗೆ, ಕೊತ್ತಂಬರಿ, ಮೂಲಂಗಿ ಬರುತ್ತವೆ. ಕೇಲ್ ಬೇಕಾದವರಿಗೆ ಮಾತ್ರ. ತಿಂಗಳಿಗೊಮ್ಮೆ ರೊಟ್ಟಿ ಊಟವಿದೆ, ಹಾಗಾಗಿ ಫಾಸ್ಟರ್ ಸಿಟಿಯವರೂ ಅತ್ತೆಯನ್ನು ಮನೆಯಲ್ಲಿ ಬಿಟ್ಟು ಬರತೊಡಗಿದ್ದಾರೆ. ನನಗೂ ಒಂದು ಕೆಲಸ ಬೇಕೆಂದು ಹಟ ಹಿಡಿದು ಕಳೆ ಕೀಳಲು ಇಳಿದಿದ್ದೆ. ಒಂದೇ ಗಂಟೆಯಲ್ಲಿ ಮಡಿಯನ್ನು ಕನ್ನಡಿಯಂತೆ ಮಾಡಿಟ್ಟೆ. ಲೂಪೆ ಬಂದು ನೋಡಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ನಾನು ಕಿತ್ತಿದ್ದು ಗಜ್ಜರಿಯ ಸಸಿಗಳು, ಉಳಿಸಿದ್ದು ಕಳೆ. ಅಂದಿನಿಂದ ನನ್ನನ್ನು ಗೇಟಿನ ಬಳಿ ನಿಲ್ಲಿಸಿದ್ದಾರೆ. ಬಂದ ಕಾರುಗಳನ್ನು ಎಲ್ಲಿ ನಿಲ್ಲಿಸಬೇಕೆಂದು ಕೈಯಾಡಿಸಿ ತೋರಿಸುವುದಷ್ಟೇ ಸಣ್ಣ ರೈತರಿಗೆ ನನ್ನ ಈಗಿನ ಬೆಂಬಲ. ಕೆಲಸ ಚೆನ್ನಾಗಿಯೇ ನಡೆದಿದೆ. ಕಳೆದ ವಾರ ನಾನು ತೋರಿಸಿದ ಜಾಗದಲ್ಲಿ ನಿಲ್ಲಿಸಿದ ಎರಡು ಕಾರುಗಳನ್ನು ಮಾರ್ಥಾ ಟ್ರ್ಯಾಕ್ಟರಿಗೆ ಕಟ್ಟಿ ಕೆಸರಿನಿಂದ ಎಳೆದು ಹೊರಗೆ ತೆಗೆದಳು.