ಮಹಾನಂದಕ್ಕನ ತುಂಡಾದ ಮಾತು

ಧಾರವಾಡದ ನಮ್ಮ ಓಣಿಯಲ್ಲಿ ನಮ್ಮ ಮನೆಗೂ ಗುರುಶಿದ್ಧಪ್ಪ ಮಾಸ್ತರರ ಮನೆಗೂ ನಡುವೆ ಒಂದೇ ಗೋಡೆ. ಮಾಸ್ತರರು ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರಿನ ಸಿ ಪ್ರೋಗ್ರಾಮಿಂಗ್ ಕಲಿಸುತ್ತಾರೆ. ಮನೆಗೆ ಬಂದರೆ ಯಂತ್ರ ಕಟ್ಟುತ್ತಾರೆ. ಆ ಭಾನುವಾರ ಹೊಸ ಯಂತ್ರ ತೋರಿಸಲು ನನ್ನನ್ನು ಕರೆದರು. ಅದರ ಕೊಳವೆಗೆ ಮಾತಾಡಿದರೆ ಪ್ರೋಗ್ರಾಂ ಮಾತನ್ನು ಕತ್ತರಿಸಿ ಒಂದೊಂದೇ ಪದವಾಗಿ ಹೊರಗೆ ಬಿಡುತ್ತದಂತೆ.

ಮೊದಲು ಹೆಂಡತಿ ಮಹಾನಂದಕ್ಕನನ್ನೇ ಕೂರಿಸಿದರು. ಆಕೆ, "ಹಾಲು ಉಕ್ಕತೈತಿ, ಲಗೂ ಮುಗಸ್ರಿ" ಎಂದರು. ಯಂತ್ರ ಅವರದೇ ದನಿಯಲ್ಲಿ ಹೇಳಿತು: ಹಾಲು. ಉಕ್ಕತೈತಿ. ಲಗೂ. ಮುಗಸ್ರಿ.

ನಾನು ಚಪ್ಪಾಳೆ ತಟ್ಟಿದೆ. ಮಹಾನಂದಕ್ಕ ಏನೋ ಹೇಳಹೊರಟು, "ನನಗ" ಎಂದರು. ಆಮೇಲೆ ತುಟಿಗಳು ಅಲುಗಿದವು, ಸದ್ದಿಲ್ಲ. ಮತ್ತೆ ಹೊಸದಾಗಿ ಶುರು ಮಾಡಿ "ಗಂಟಲು" ಎಂದರು. ಅಷ್ಟೇ. ಯಾವ ಮಾತಾಡಿದರೂ ಮೊದಲ ಪದ ಮಾತ್ರ.

ಮಾಸ್ತರರು ಮಧ್ಯಾಹ್ನ ನೆಮ್ಮದಿಯಿಂದಲೇ ಉಂಡರು. ಸಂಜೆ ನಾನು ಮತ್ತೆ ಹೋದಾಗ ಅವರ ಮುಖ ಬಿಳಿಚಿಕೊಂಡಿತ್ತು. ಅಡುಗೆಮನೆಯಲ್ಲಿ ಮಹಾನಂದಕ್ಕ ಗೋಡೆಗೆ ಮುಖ ಮಾಡಿ, ಬಿಡದೆ ತುಟಿ ಆಡಿಸುತ್ತ ನಿಂತಿದ್ದರು. ಅಳುತ್ತಿದ್ದರು; ಮೊದಲ ಬಿಕ್ಕಿನ ನಂತರ ಅಳುವೂ ಕೇಳುತ್ತಿರಲಿಲ್ಲ.

"ಇಕಿ ಮಾತಿನ ನಕಲು ಮಾಡಿ ಕತ್ತರಸಬೇಕಿತ್ತು ಅಕ್ಕೋರ, ಅಸಲಿಗೇ ಕತ್ತರಿ ಹಾಕೀನಿ" ಎಂದರು ಮಾಸ್ತರರು ನನಗೆ. "ಕತ್ತರಿಸಿದಲ್ಲೆಲ್ಲಾ ಪ್ರೋಗ್ರಾಂ ಒಂದೊಂದು ಸೊನ್ನಿ ಇಡತೈತಿ, ಈಗ ಪದ ಪದದ ನಡುವ ಸೊನ್ನಿ ಕುಂತಾವ. ಸೊನ್ನಿ ಸಿಕ್ಕಲ್ಲೇ ಮಾತು ಮುಗೀತು ಅಂತ ಬಾಯಿ ನಿಲ್ಲತೈತಿ."

ಕೂಡಲೇ ಯಂತ್ರವನ್ನು ತಿರುಗಾಮುರುಗಾ ಓಡಿಸಿ ಸೊನ್ನೆಗಳನ್ನೆಲ್ಲ ಅಳಿಸಿದರು. ಮಹಾನಂದಕ್ಕ ಬಾಯಿಬಿಟ್ಟರು. ಗಂಡನಿಗೆ ಹೇಳಬೇಕಾದದ್ದೆಲ್ಲ ಸರಾಗವಾಗಿ ಹೊರಬಂತು. ನಾವು ನಿಟ್ಟುಸಿರು ಬಿಟ್ಟೆವು. ಆದರೆ ಮಾತು ನಿಲ್ಲಲಿಲ್ಲ. ಆಕೆಯ ಕಣ್ಣುಗಳು ಹೆದರಿ ಅಗಲವಾದವು, ನಾಲಿಗೆ ಮಾತ್ರ ತನ್ನಷ್ಟಕ್ಕೆ ಹೊರಳುತ್ತಿತ್ತು. ದನಿ ಅವರದು, ಮಾತು ಬೇರೆ ಯಾರದೋ.

"ಇಂಥಾ ಹುಚ್ಚಗ ಹೆಣ್ಣು ಕೊಟ್ಟವರರೆ ಯಾರು" ಎಂದಿತು ಆ ದನಿ. "ಲಗೂ ಮನೀಗೆ ಹೋಗಬೇಕು."

ಆ ಗಳಿಗೆಯಲ್ಲಿ ನಾನು ಮನಸ್ಸಿನಲ್ಲಿ ಅಂದುಕೊಂಡದ್ದು ಅದೇ, ಅಕ್ಷರ ತಪ್ಪದೆ.

ಮಾತು ಇಲ್ಲಿಗೆ ಮುಗಿಯಿತು ಎಂದು ತೋರಿಸುವ ಕೊನೆಯ ಸೊನ್ನೆಯೂ ಅಳಿಸಿಹೋಗಿದೆಯಂತೆ. ತನ್ನ ಮಾತು ಎಲ್ಲಿ ಮುಗಿಯಿತೆಂದು ತಿಳಿಯದೆ ಬಾಯಿ ಪಕ್ಕದಲ್ಲಿರುವುದನ್ನು ಓದುತ್ತ ಹೋಗುತ್ತದೆ ಎಂದು ಮಾಸ್ತರರು ನನ್ನ ಮುಖ ನೋಡದೆ ವಿವರಿಸಿದರು. ಪಕ್ಕದಲ್ಲಿರುವವಳು ನಾನು.

ಆಕೆಯ ಮಾತು ಎಲ್ಲಿ ಮುಗಿದು ನನ್ನದು ಎಲ್ಲಿ ಶುರುವಾಗುತ್ತದೆ ಎಂದು ಮಾಸ್ತರರು ಇನ್ನೂ ಹುಡುಕುತ್ತಿದ್ದಾರೆ. ಗೋಡೆಯಾಚೆಯಿಂದ ಹಗಲೆಲ್ಲ ನನ್ನ ಮನಸ್ಸು ಆಕೆಯ ದನಿಯಲ್ಲಿ ನನಗೇ ಕೇಳಿಸುತ್ತದೆ. ಆ ಜಾಗ ಸಿಗುವವರೆಗೆ ಎಲ್ಲರ ಬಗ್ಗೆಯೂ ಒಳ್ಳೆಯದನ್ನೇ ಯೋಚಿಸುತ್ತಿದ್ದೇನೆ. ಬಹಳ ದಣಿವಿನ ಕೆಲಸ ಅದು.