ಸಂಜೆ ಆಗುತ್ತೆ ಸಾರ್

ಕಂಪ್ಯೂಟರ್ ನಿಧಾನವಾಯಿತೆಂದು ತಲೆ ಚಚ್ಚಿಕೊಂಡವರು ಲೋಕದಲ್ಲಿ ಲೆಕ್ಕವಿಲ್ಲದಷ್ಟಿದ್ದಾರೆ. ಬೇಗ ಮುಗಿಯಿತೆಂದು ಅಳುವ ಸ್ಥಿತಿಗೆ ಬಂದವನು ಬಹುಶಃ ನಮ್ಮ ಬ್ಯಾಕಪ್ಪನೊಬ್ಬನೇ.

ಅವನ ನಿಜವಾದ ಹೆಸರು ನೀರು ಸರಬರಾಜು ಕಚೇರಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಊರಿನ ಅಷ್ಟೂ ನಲ್ಲಿಗಳ ಮೀಟರ್ ಲೆಕ್ಕ, ವರ್ಷಾನುವರ್ಷದ್ದು, ಅವನ ಸುಪರ್ದಿಯಲ್ಲಿತ್ತು. ದಿನಾ ಸಂಜೆ ಅದಕ್ಕೊಂದು ಬ್ಯಾಕಪ್ ತೆಗೆದು, ಆ ಬ್ಯಾಕಪ್‌ಗೂ ಒಂದು ಬ್ಯಾಕಪ್ ತೆಗೆದಿಟ್ಟೇ ಮನೆಗೆ ಹೋಗುತ್ತಿದ್ದ. ಹಾಗಾಗಿ ಆ ಹೆಸರು.

ಆ ದಿನ ಇಡೀ ಡೇಟಾಬೇಸನ್ನು ಹಳೇ ಸರ್ವರಿನಿಂದ ಹೊಸ ಸರ್ವರಿಗೆ ಸಾಗಿಸಬೇಕಿತ್ತು. "ಎಷ್ಟೊತ್ತು ಹಿಡಿಯುತ್ತೆ?" ಎಂದು ಮ್ಯಾನೇಜರ್ ಕೇಳಿದ್ದಕ್ಕೆ ಬ್ಯಾಕಪ್ಪ, "ಸಂಜೆ ಆಗುತ್ತೆ ಸಾರ್" ಎಂದಿದ್ದ. ಹೋದ ಸಲ ಹಾಗೇ ಆಗಿತ್ತು, ಆದ್ದರಿಂದ ಪೂರ್ತಿ ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ, ಯಾಕೆಂದರೆ ಅಂದು ಮಧ್ಯಾಹ್ನ ಮೂರಕ್ಕೆ ಮಗಳ ಶಾಲೆಯಲ್ಲಿ ನಾಟಕ.

ಹಿಂದಿನ ಎರಡು ನಾಟಕಗಳೂ ಇದೇ ಸರ್ವರ್ ಕೋಣೆಯಲ್ಲಿ ಕೂತು ತಪ್ಪಿಹೋಗಿದ್ದವು. "ಅಪ್ಪಾ, ಈ ಸಲ ನಂಗೆ ಮಾತಿದೆ" ಎಂದಿದ್ದಳು ಮಗಳು. ಎರಡನೇ ಪೊಲೀಸಿನ ಪಾತ್ರ. ಮಾತು ಒಂದೇ: "ಕಳ್ಳ ಆ ಕಡೆ ಓಡಿದ." ವಾರದಿಂದ ಮನೆಯಲ್ಲಿ ಕಳ್ಳ ಅಡುಗೆಮನೆ ಕಡೆ, ಬಚ್ಚಲುಮನೆ ಕಡೆ, ಎಲ್ಲ ಕಡೆಗೂ ಓಡಿ ಮುಗಿಸಿದ್ದ. ಬಂದೇ ಬರುತ್ತೇನೆಂದು ಬ್ಯಾಕಪ್ಪ ಮಾತು ಕೊಟ್ಟಿದ್ದ.

ಅವನ ಲೆಕ್ಕಾಚಾರ ಸರಳವಾಗಿತ್ತು. ಸಾಗಾಟ ನಡೆಯುತ್ತಿರುವಷ್ಟು ಹೊತ್ತು ನೀರಿನ ಬಿಲ್ ಕಟ್ಟುವ ಕೌಂಟರ್ ಬಂದ್, ಸರ್ವರ್ ಕೋಣೆಯೊಳಗೆ ಯಾರಿದ್ದಾರೆ ಯಾರಿಲ್ಲ ಎಂದು ಇಣುಕುವವರಿಲ್ಲ. ಹಿಂದಿನ ಮೆಟ್ಟಿಲಲ್ಲಿ ಇಳಿದು ನಾಟಕ ನೋಡಿ ಬರಬಹುದು. ಮುಗಿಯಿತೋ, ಆ ಕ್ಷಣವೇ ಕೌಂಟರ್ ತೆರೆಯಬೇಕು, ಕಚೇರಿ ಬಾಗಿಲು ಮುಚ್ಚುವವರೆಗೆ ಬ್ಯಾಕಪ್ಪ ಅದರ ಪಕ್ಕದಲ್ಲೇ ಕೂತಿರಬೇಕು. ಅದು ಮ್ಯಾನೇಜರರ ಅಪ್ಪಣೆ.

ಕೆಲಸವನ್ನು ಹೇಗೋ ಹಾಗೆ ಮಾಡಿದ್ದರೆ ಗೆದ್ದುಬಿಡುತ್ತಿದ್ದ. ಆದರೆ ಕೀಲಿಮಣೆ ಮುಂದೆ ಕೂತ ಮೇಲೆ ಕೈ ಕೇಳಬೇಕಲ್ಲ? ಬ್ಯಾಕಪ್ ಕಡತವನ್ನು ಎಂಟು ತುಂಡು ಮಾಡಿದ. ಒಂದೊಂದನ್ನೂ ಒತ್ತಿ ಸಣ್ಣದು ಮಾಡಿದ. ಎಂಟನ್ನೂ ಒಟ್ಟಿಗೇ ಹೊಸ ಸರ್ವರಿಗೆ ಅಟ್ಟಿ, ಅಲ್ಲಿ ಬಿಚ್ಚಿ ತುಂಬಲು ರೀಸ್ಟೋರ್ ಒತ್ತಿದ. ಪರದೆಯ ಮೇಲಿನ ಹಸಿರು ಪಟ್ಟಿ ಹಗ್ಗ ಬಿಚ್ಚಿದ ಕರುವಿನಂತೆ ಓಡಿತು. ಬ್ಯಾಕಪ್ಪನಿಗೆ ಮೈಮರೆತುಹೋಯಿತು. "ಹೋಗು ಮರಿ, ಹಾಗೇ ಹೋಗು" ಎಂದು ಕುರ್ಚಿಯಂಚಿಗೆ ಬಂದು ಕೂತ. ಪಟ್ಟಿ ನೂರಕ್ಕೆ ತೊಂಬತ್ತಾಗುವಾಗ ಮ್ಯಾನೇಜರ್ ಬಾಗಿಲಲ್ಲಿ ಇಣುಕಿ, "ಪರವಾಗಿಲ್ವೇ" ಎಂದು ಹೋದದ್ದೂ ಸರಿಯಾಗಿ ಕೇಳಿಸಲಿಲ್ಲ. ನೂರು. ಟಣ್ ಎಂದಿತು.

ಗೋಡೆ ಗಡಿಯಾರದಲ್ಲಿ ಇನ್ನೂ ಹನ್ನೊಂದಾಗಿರಲಿಲ್ಲ. ಬ್ಯಾಕಪ್ಪನಿಗೆ ಆಗ ನೆನಪಾಯಿತು, ನಾಟಕ ಮೂರಕ್ಕೆ.

"ಅದೇನು ಟಣ್ ಅಂತು?" ಬೆನ್ನ ಹಿಂದೆ ಕ್ಯಾಷಿಯರ್ ಮೇಡಂ ನಿಂತಿದ್ದರು, ಹೆಗಲಿಗೆ ಚೀಲ ಹಾಕಿಕೊಂಡು. ಅವರ ಹಿಂದೆ ದೂರು ವಿಭಾಗದ ಗುಮಾಸ್ತರು. ಸಂಜೆವರೆಗೆ ಕೌಂಟರಿಲ್ಲವೆಂದು ಇಬ್ಬರಿಗೂ ರಜೆ ಸಿಕ್ಕಿತ್ತು.

"ಎಂಟೂ ತುಂಡು ಒಟ್ಟಿಗೇ ಕಳಿಸಿದೆ, ಮುಗೀತು ಮೇಡಂ" ಎಂದ ಬ್ಯಾಕಪ್ಪ, ಸಾವಿನ ಸುದ್ದಿ ಹೇಳುವ ದನಿಯಲ್ಲಿ.

"ಮುಗೀತಾ? ನಮ್ಮಕ್ಕ ಊಟಕ್ಕೆ ಕಾಯ್ತಿದಾಳೆ ಕಣಪ್ಪ. ಮುಗಿದಿಲ್ಲ ಅಂತ ಮಾಡು."

"ಮುಗಿದದ್ದನ್ನ ಹೇಗೆ ಮೇಡಂ ಮುಗಿಯದ ಹಾಗೆ ಮಾಡೋದು?"

"ಇನ್ನೊಂದ್ಸಲ ಶುರು ಮಾಡಪ್ಪ" ಎಂದರು ಗುಮಾಸ್ತರು. ಯಾವ ದೂರು ಬಂದರೂ ನಾಳೆ ಬನ್ನಿ ಎಂದು ಹೇಳಿ ಹೇಳಿ ಕೆಲಸ ಎಳೆಯುವ ವಿದ್ಯೆ ಅವರಿಗೆ ಕರತಲಾಮಲಕವಾಗಿತ್ತು. "ಒಂದೇ ಸಲ ಎಂಟು ಕಳಿಸ್ತಾರಾ ಯಾರಾದ್ರೂ? ಒಂದೊಂದೇ ಕಳ್ಸು. ಒಂದೊಂದನ್ನೂ ತಿರುಗಿಸಿ ಮುರುಗಿಸಿ ನೋಡು ಅಂತ ಹೇಳು."

ಬೇರೆ ದಾರಿಯಿರಲಿಲ್ಲ. ಮುಗಿದ ಡೇಟಾಬೇಸನ್ನು ಹಾಗೇ ಭದ್ರವಾಗಿ ಬಿಟ್ಟು, ಅದರ ಪಕ್ಕದಲ್ಲಿ ಬೇರೆ ಹೆಸರಿನಿಂದ ಇನ್ನೊಂದು ರೀಸ್ಟೋರ್ ಶುರು ಮಾಡಿದ. ಈ ಸಲ ಒಂದೇ ಕಡತ, ಸಾಲು ಸಾಲಿಗೂ ತಪಾಸಣೆ. ಹಾಳು ಸರ್ವರ್ ಅದನ್ನೂ ಓಡಿಸತೊಡಗಿತು. ಅದರ ತಲೆಯ ಮೇಲೆ ಮೂರನೆಯದು, ನಾಲ್ಕನೆಯದು ಹೇರಿದ. ಆಗ ಪಟ್ಟಿ ತೆವಳುವುದಕ್ಕೆ ಶುರುವಾಯಿತು. ಮೂವರೂ ಉಸಿರುಬಿಟ್ಟರು.

ಮ್ಯಾನೇಜರ್ ಬಂದರೆ ಕೆಮ್ಮುತ್ತೇನೆಂದು ಕ್ಯಾಷಿಯರ್ ಮೇಡಂ ಹೊರಗೆ ಕಾವಲು ನಿಂತರು. ಸ್ವಲ್ಪ ಹೊತ್ತಿಗೇ ಕೆಮ್ಮಿದರು. ಕೆಮ್ಮು ಎಷ್ಟು ಚೆನ್ನಾಗಿತ್ತೆಂದರೆ ಮ್ಯಾನೇಜರ್ ಗಾಬರಿಯಾಗಿ, "ಅಯ್ಯೋ, ಬಿಸಿನೀರು ಎಲ್ಲಿದೆ?" ಎನ್ನುತ್ತ ಫ್ಲಾಸ್ಕ್ ಹುಡುಕಿಕೊಂಡು ನೇರ ಸರ್ವರ್ ಕೋಣೆಗೇ ನುಗ್ಗಿದರು. ಕಣ್ಣು ಪರದೆಗೆ ಬಿತ್ತು.

"ಆಗ ತೊಂಬತ್ತಿತ್ತು. ಈಗ ಹನ್ನೆರಡು ಇದೆಯಲ್ಲಯ್ಯಾ. ಹಿಂದಕ್ಕೆ ಹೋಗ್ತಿದೆಯಾ ಇದು?"

ಬ್ಯಾಕಪ್ಪನನ್ನು ನಾಲಿಗೆ ಕೈಬಿಡಲಿಲ್ಲ. "ಆಗ ಆಗ್ತಿದ್ದದ್ದು ತೆಗೆಯೋದು ಸಾರ್. ಈಗ ಆಗ್ತಿರೋದು ಹಾಕೋದು. ಮನೆ ಬದಲಾಯಿಸಿದ ಹಾಗೇನೇ. ಸಾಮಾನು ಕಟ್ಟೋದು ಬೇಗ, ಬಿಚ್ಚಿ ಜೋಡಿಸೋಷ್ಟರಲ್ಲಿ ಜೀವ ಹೋಗುತ್ತೆ."

ಮ್ಯಾನೇಜರ್ ಹೋದ ತಿಂಗಳಷ್ಟೇ ಮನೆ ಬದಲಾಯಿಸಿದ್ದರು. ಅವರ ಮುಖ ಮೆತ್ತಗಾಯಿತು. "ನಿಜ ಕಣಯ್ಯ. ನಮ್ಮ ಮನೆ ಜರಡಿ ಇನ್ನೂ ಸಿಕ್ಕಿಲ್ಲ. ನಿಧಾನಕ್ಕೇ ಆಗ್ಲಿ ಬಿಡು." ಕೆಮ್ಮುವವರನ್ನು ಮನೆಗೆ ಕಳಿಸಿದರು. ಜೊತೆಗೆ ಆಸರೆಗಿರಲೆಂದು ಗುಮಾಸ್ತರನ್ನೂ ಕಳಿಸಿದರು.

ಎರಡೂವರೆ ಹೊತ್ತಿಗೆ ಬ್ಯಾಕಪ್ಪ ಶೂ ಬಿಚ್ಚಿ ಕೈಯಲ್ಲಿ ಹಿಡಿದು, ಸದ್ದಾಗದಂತೆ ಹಿಂದಿನ ಮೆಟ್ಟಿಲು ಇಳಿಯತೊಡಗಿದ. ಈ ಸಲ ಮುಂದಿನ ಸಾಲಿನಲ್ಲೇ ಕೂರಬೇಕು. ಮೊದಲ ತಿರುವಿನಲ್ಲೇ ಎದುರಾದರು ಮ್ಯಾನೇಜರ್, ಜೊತೆಯಲ್ಲಿ ಹೆಡ್ಡಾಫೀಸಿನ ದೊಡ್ಡ ಸಾಹೇಬರು.

"ಎಲ್ಲಿಗಯ್ಯಾ? ಶೂ ಯಾಕೆ ಕೈಯಲ್ಲಿ?"

"ಒಳಗೆ ಡಿಸ್ಕ್ ತುಂಬಾ ಸೂಕ್ಷ್ಮ ಸಾರ್. ಹೆಜ್ಜೆ ಸದ್ದಾಗಬಾರದು. ನೀವು ಬಂದ್ರಲ್ಲ, ಅದಕ್ಕೇ ಹೇಳೋಣ ಅಂತ ಬಂದೆ."

ಸಾಹೇಬರು ಶೂ ಬಿಚ್ಚಿದರು. ಮ್ಯಾನೇಜರೂ ಬಿಚ್ಚಿದರು. ಮೂವರೂ ಬೆಕ್ಕಿನ ಹೆಜ್ಜೆಯಿಡುತ್ತ ಸರ್ವರ್ ಕೋಣೆ ಹೊಕ್ಕರು. ಇದ್ದ ಒಂದೇ ಒಳ್ಳೆ ಕುರ್ಚಿಯಲ್ಲಿ ಸಾಹೇಬರು ಕೂತು, "ಎಷ್ಟೊತ್ತಾಗುತ್ತೆ?" ಎಂದರು.

ತುಂಬ ಹೊತ್ತೆಂದರೆ ಬೇಸತ್ತು ಎದ್ದುಹೋಗುತ್ತಾರೆ ಎಂದು ಬ್ಯಾಕಪ್ಪ ಎಣಿಸಿದ. "ಸಂಜೆ ಆಗುತ್ತೆ ಸಾರ್."

"ಆಗ್ಲಿ, ಆಗ್ಲಿ" ಎಂದು ಸಾಹೇಬರು ಕಾಲು ಚಾಚಿದರು. "ನಾನಿಲ್ಲೇ ಇರ್ತೀನಿ. ಟೀ ತರಿಸಿ."

ಗಡಿಯಾರದಲ್ಲಿ ಮೂರಾಯಿತು. ಮೂರೂ ಕಾಲಾಯಿತು. ಬ್ಯಾಕಪ್ಪನ ಜೇಬಿನಲ್ಲಿ ಫೋನು ಗುರುಗುಟ್ಟಿತು. ಮೂಲೆಗೆ ಹೋಗಿ ಕಿವಿಗಿಟ್ಟ. ಹೆಂಡತಿ.

"ರೀ, ಎಲ್ಲಿದೀರಿ? ನಿಮ್ಮ ಪುಣ್ಯಕ್ಕೆ ಇನ್ನೂ ಶುರುವಾಗಿಲ್ಲ. ಮುಖ್ಯ ಅತಿಥಿ ಬಂದಿಲ್ವಂತೆ, ಅವರಿಲ್ದೆ ಶುರು ಮಾಡಲ್ವಂತೆ. ನಿಮ್ಮ ಹೆಡ್ಡಾಫೀಸಿನ ದೊಡ್ಡ ಸಾಹೇಬರೇ ಅಂತೆ ಕಣ್ರೀ. ಬೇಗ ಬನ್ನಿ. ಇವಳು ಮೀಸೆ ಬರೆಸಿಕೊಂಡು ಕೂತಿದಾಳೆ, ಸೆಕೆಗೆ ಅರ್ಧ ಮೀಸೆ ಕರಗಿಹೋಗಿದೆ."

ಬ್ಯಾಕಪ್ಪ ತಿರುಗಿ ನೋಡುವುದಕ್ಕೂ ಸಾಹೇಬರ ಫೋನು ರಿಂಗಾಗುವುದಕ್ಕೂ ಸರಿಹೋಯಿತು.

"ಹೌದು ಹೆಡ್‌ಮಾಸ್ಟ್ರೇ, ಬರಬೇಕು ಅಂತ್ಲೇ ಇದ್ದೆ. ಏನ್ಮಾಡ್ಲಿ, ಸರ್ವರ್ ಸಾಗಿಸ್ತಿದೀವಿ. ಇದು ಮುಗಿಯೋವರೆಗೆ ನಾನು ಕದಲೋ ಹಾಗಿಲ್ಲ. ಮುಗಿದ ತಕ್ಷಣ ಬಂದೆ ಅಂತಿಟ್ಕೊಳ್ಳಿ. ಮಕ್ಕಳನ್ನ ಕೂರಿಸಿರಿ." ಫೋನಿಟ್ಟು ಬ್ಯಾಕಪ್ಪನಿಗೆ ಕಣ್ಣು ಹೊಡೆದರು. "ಮಕ್ಕಳ ನಾಟಕ ಕಣ್ರೀ. ಅದನ್ನ ಕೂತು ನೋಡೋದು ಅಂದ್ರೆ ಶಿಕ್ಷೆ. ನಿಮ್ಮ ಸರ್ವರ್ ನನ್ನನ್ನ ಕಾಪಾಡ್ತು."

ಪಟ್ಟಿ ತೆವಳುತ್ತಿರುವವರೆಗೂ ಸಾಹೇಬರು ಏಳುವುದಿಲ್ಲ. ಸಾಹೇಬರು ಏಳುವವರೆಗೆ ನಾಟಕವಿಲ್ಲ. ಪಟ್ಟಿ ಮುಗಿದರೆ ನಾಟಕ ಶುರು, ಆದರೆ ಕೌಂಟರೂ ಶುರು, ಬ್ಯಾಕಪ್ಪನಿಗೆ ಅಲ್ಲಾಡುವ ಹಾಗಿಲ್ಲ. ಬ್ಯಾಕಪ್ಪ ಹೇಗೆ ಲೆಕ್ಕ ಹಾಕಿದರೂ ಶಾಲೆಯ ಸಭಾಂಗಣದಲ್ಲಿ ತನ್ನ ಕುರ್ಚಿ ಖಾಲಿಯೇ.

ಕೊನೆಯದಾಗಿ ಒಂದು ಕಲ್ಲೆಸೆದು ನೋಡಿದ. "ಸಾರ್, ನೀವು ಹೋಗ್ಬನ್ನಿ. ನಾನು ನೋಡ್ಕೋತೀನಿ."

"ಛೇ, ನೀವಿಲ್ಲಿ ಒದ್ದಾಡ್ತಿರೋವಾಗ ನಾನು ನಾಟಕ ನೋಡೋದಾ? ಮನಸ್ಸು ಒಪ್ಪಲ್ಲ ರೀ."

ಬ್ಯಾಕಪ್ಪನಿಗೆ ಅರ್ಧ ಮೀಸೆಯ ಎರಡನೇ ಪೊಲೀಸ್ ಕಣ್ಣಮುಂದೆ ಬಂದಳು. ತನ್ನ ಒಂದೇ ಒಂದು ಮಾತನ್ನು ಬಾಯಲ್ಲಿಟ್ಟುಕೊಂಡು ಬೆವರುತ್ತಿದ್ದಾಳೆ. ನಾನು ನೋಡದಿದ್ದರೂ ಅವಳಾದರೂ ಹೇಳಲಿ ಎಂದುಕೊಂಡ. ತೆವಳುತ್ತಿದ್ದ ಮೂರನ್ನೂ ನಿಲ್ಲಿಸಿ, ಬೆಳಿಗ್ಗೆಯೇ ಮುಗಿದಿದ್ದದ್ದನ್ನು ಪರದೆಗೆ ತಂದ. ನೂರು.

"ಮುಗೀತು ಸಾರ್."

"ಏನ್ರೀ ಇದು? ಸಂಜೆ ಅಂದಿದ್ರಿ?" ಸಾಹೇಬರು ಟೀ ಲೋಟ ಕೆಳಗಿಟ್ಟರು.

"ಹೊಸ ಸರ್ವರ್ ಸಾರ್. ತುಂಬಾ ಜೋರು."

ಮ್ಯಾನೇಜರಿಗೆ ಹಿಡಿಸಲಾರದ ಸಂತೋಷ. "ಶಭಾಷ್ ಕಣಯ್ಯ. ಈಗ್ಲೇ ಕೌಂಟರ್ ತೆರೆಯೋಣ. ಕ್ಯಾಷಿಯರ್ ಇಲ್ಲ, ಗುಮಾಸ್ತರೂ ಇಲ್ಲ, ಎರಡೂ ಕಡೆ ನೀನೇ ಕೂತ್ಕೋ" ಎಂದು ಬಾಗಿಲ ಕಡೆ ಓಡಿದರು. ಹೊರಗೆ ಆಗಲೇ ಜನ ಸಾಲುಗಟ್ಟುವ ಸದ್ದು ಕೇಳಿಸಿತು.

ಸಾಹೇಬರು ಮೆಟ್ಟಿಲ ಮೇಲೆ ಕೂತು ಒಲ್ಲದ ಮನಸ್ಸಿನಿಂದ ಶೂ ಲೇಸು ಕಟ್ಟಿಕೊಂಡರು. ಎದ್ದು ಹೊರಡುವ ಮುನ್ನ, ಕೌಂಟರಿನತ್ತ ಹೊರಟಿದ್ದ ಬ್ಯಾಕಪ್ಪನ ಹೆಗಲ ಮೇಲೆ ಕೈಯಿಟ್ಟು ನಿಟ್ಟುಸಿರುಬಿಟ್ಟರು.

"ನೀವೇ ಪುಣ್ಯವಂತರು ಕಣ್ರೀ. ಆರಾಮಾಗಿ ಇಲ್ಲೇ ಕೂತಿರಬಹುದು."