ಭೂತದ ಬಾಯಿಗೆ ಹಲ್ಲು

ಭೂತಕ್ಕೆ ಹಲ್ಲಿಲ್ಲ ಎಂದು ನಾಲ್ಕು ವರ್ಷದ ಮಗ ತಟ್ಟೆ ದೂಡಿದ್ದೇ ಎಲ್ಲ ಅನರ್ಥಕ್ಕೂ ಮೂಲ.

ನರ್ಸಾಗಿದ್ದ ಹೆಂಡತಿಗೆ ಆ ವಾರ ಮಧ್ಯಾಹ್ನದ ಪಾಳಿ. ಮಕ್ಕಳಿಗೆ ತರಕಾರಿ ತಿನ್ನಿಸುವ ಭಾರ ಗಂಡನ ತಲೆಗೆ ಬಿದ್ದಿತ್ತು. ಆತ ಹಲ್ಲಿನ ಸೆಟ್ಟು ಮಾಡುವ ಕಸುಬಿನವನು. ಬೀದಿಯವರೆಲ್ಲ ಹಲ್ಲಪ್ಪ ಎನ್ನುತ್ತಿದ್ದರು. ಗದರಿಕೆಗೆ ಬಗ್ಗದ ಮಕ್ಕಳಿಗೆ ಅವನೊಂದು ಉಪಾಯ ಹೂಡಿದ: ಇವತ್ತು ಭೂತದ ಊಟ. ಬೀಟ್‌ರೂಟ್ ಸೂಪು ರಕ್ತವಾಯಿತು, ಬೀನ್ಸು ಮಾಟಗಾತಿಯ ಬೆರಳಾಯಿತು, ಬೇಯಿಸಿ ಕಿವುಚಿದ ಆಲೂಗಡ್ಡೆ ಭೂತದ ತಲೆಯಾಗಿ ತಟ್ಟೆಯಲ್ಲಿ ಎದ್ದು ಕೂತಿತು.

"ಹಲ್ಲಿಲ್ದಿದ್ರೆ ಅದು ತಾತ, ಭೂತ ಅಲ್ಲ" ಎಂದ ಮಗ.

ಆರು ವರ್ಷದ ಮಗಳು ತೀರ್ಪು ಕೊಟ್ಟಳು: "ಅಪ್ಪಂಗೆ ಹಲ್ಲು ಮಾಡೋದೇ ಕೆಲಸ. ಆದ್ರೂ ನಮ್ಮನೆ ಭೂತಕ್ಕೆ ಒಂದೂ ಇಲ್ಲ."

ಈ ಮಾತು ಹಲ್ಲಪ್ಪನಿಗೆ ನಾಟಿತು. ಅವನ ಚೀಲದಲ್ಲಿ ಒಂದು ಡಬ್ಬಿಯಿತ್ತು. ಕೆಳಗಿನ ಮನೆಯಲ್ಲಿರುವ ಮನೆಯೊಡತಿ, ನಿವೃತ್ತ ಹೆಡ್‌ಮಿಸ್ಸು, ಗುಟ್ಟಾಗಿ ಮಾಡಿಸಿಕೊಂಡ ಸೆಟ್ಟು. "ನೋಡಪ್ಪ, ಇದು ನಮ್ಮಿಬ್ಬರ ಮಧ್ಯೆ ಇರ್ಲಿ. ನಾಳೆ ಶಾಲೆ ಸಮಾರಂಭದಲ್ಲಿ ನಾನು ಮಾತಾಡ್ಬೇಕು. ನಿನ್ನ ನಂಬಿದೀನಿ" ಎಂದಿದ್ದರು. ಅವನು ಕೆಲಸ ಮಾಡುವ ಲ್ಯಾಬಿನಲ್ಲಿ ಡಬ್ಬಿಗಳ ಮೇಲೆ ಗಿರಾಕಿಯ ಹೆಸರು ಬರೆಯುವ ಪದ್ಧತಿಯಿಲ್ಲ, ಮಾನದ ಪ್ರಶ್ನೆ. ಯಾವುದು ಯಾರದು ಎಂದು ಕಪಾಟಿನಲ್ಲಿ ಇಟ್ಟ ಜಾಗದಿಂದಲೇ ತಿಳಿಯಬೇಕು. ಸಂಜೆ ಹೆಡ್‌ಮಿಸ್ಸಿನ ಜಾಗಕ್ಕೆ ಕೈಹಾಕಿ, ಆತುರದಲ್ಲಿ ಡಬ್ಬಿ ಎತ್ತಿಕೊಂಡು ಬಂದಿದ್ದ.

ಐದು ನಿಮಿಷದ ಮಾತು, ಆಮೇಲೆ ತೊಳೆದು ಕೊಟ್ಟರಾಯಿತು ಎಂದುಕೊಂಡ.

ಹಲ್ಲು ಕೂತದ್ದೇ ಭೂತಕ್ಕೆ ಜೀವ ಬಂತು. ಮಕ್ಕಳು ಕಿರುಚಿದರು, ನಕ್ಕರು, ಬೀನ್ಸನ್ನು ಕೇಳಿ ಕೇಳಿ ಹಾಕಿಸಿಕೊಂಡು ತಿಂದರು. ಹಲ್ಲಪ್ಪ ಬೀಗುತ್ತ ಅಡುಗೆಮನೆಗೆ ಹೋಗಿ, ಉಕ್ಕಿದ ಸೂಪು ಒರೆಸಿ ಬರುವಷ್ಟರಲ್ಲಿ ಮೇಜಿನ ಮೇಲೆ ಭೂತವಿರಲಿಲ್ಲ. ಮಗಳೂ ಇರಲಿಲ್ಲ.

"ಅಕ್ಕ ಹೆಡ್‌ಮಿಸ್ಸಿಗೆ ತೋರ್ಸೋಕೆ ಹೋದ್ಲು" ಎಂದ ಮಗ, ಬೆರಳು ನೆಕ್ಕುತ್ತ.

ಹಲ್ಲಪ್ಪ ಮಗನನ್ನು ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲಿಳಿದ.

ಕೆಳಗೆ ನಾಳೆಯ ಸಿದ್ಧತೆಗೆಂದು ಹಳೆಯ ಮೇಷ್ಟ್ರುಗಳು ಸೇರಿದ್ದರು. ಚಹಾದ ಲೋಟಗಳ ನಡುವೆ ಭೂತ ಹಲ್ಲು ಕಿರಿಯುತ್ತಿತ್ತು. ಎಪ್ಪತ್ತರಲ್ಲೂ ಅಕ್ರೋಟನ್ನು ಹಲ್ಲಲ್ಲೇ ಒಡೆಯುತ್ತೇನೆಂದು ಬೀದಿಗೆಲ್ಲ ಸಾರುವ ಡ್ರಿಲ್ ಮೇಷ್ಟ್ರು ಮಾತ್ರ ಈ ದಿನ ಶೀತವೆಂದು ಕರ್ಚೀಫು ಬಾಯಿಗೊತ್ತಿಕೊಂಡು ದೂರ ಕೂತಿದ್ದರು. ಹೆಡ್‌ಮಿಸ್ಸು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದರು.

"ಇದು ನಿಜವಾದ ಸೆಟ್ಟಲ್ವೇ? ಯಾರದಪ್ಪ?" ಎಂದರು ಗಣಿತದ ಮೇಷ್ಟ್ರು.

ಹೆಡ್‌ಮಿಸ್ಸಿನ ಭುಜಗಳು ಅಲುಗುತ್ತಿದ್ದವು. ಅಳುತ್ತಿದ್ದಾರೆ, ಪಾಪ. ನಂಬಿದವರ ಮಾನವನ್ನು ಆಲೂಗಡ್ಡೆಗೆ ಸಿಕ್ಕಿಸಿ ಮಕ್ಕಳಿಗೆ ಬಡಿಸಿದೆನಲ್ಲ ಎಂದು ಹಲ್ಲಪ್ಪನಿಗೆ ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಯಿತು. ನೆಲ ಬಾಯಿಬಿಡಬಾರದೇ ಎನ್ನಿಸಿತು. ಅದು ಬಿಡಲಿಲ್ಲ, ಅವನೇ ಬಿಟ್ಟ.

"ನಂದು ಸಾರ್" ಎಂದ, ತಲೆ ತಗ್ಗಿಸಿ. "ಬಾಯಲ್ಲಿರೋದು ಹಳೇ ಸೆಟ್ಟು. ಇದು ಹೊಸದು."

ಮಗಳು ಅಪ್ಪನನ್ನು ಮೊದಲ ಸಲ ಕಂಡಂತೆ ನೋಡಿದಳು. ಮೇಷ್ಟ್ರುಗಳು ನೆಲ ನೋಡಿದರು.

ಆಗ ಹೆಡ್‌ಮಿಸ್ಸು ಕೈ ತೆಗೆದರು. ಅವರು ಅಳುತ್ತಿರಲಿಲ್ಲ, ನಗುತ್ತಿದ್ದರು. ಅವನೇ ತಿಕ್ಕಿ ಹೊಳಪು ಕೊಟ್ಟ ಹಲ್ಲುಗಳು ಒಂದೂ ಬಿಡದಂತೆ ಅವರ ಬಾಯಲ್ಲಿದ್ದವು.

"ಈ ವಯಸ್ಸಿಗೇ ಎಲ್ಲ ಉದುರಿಹೋಯ್ತಾ? ಚಿಕ್ಕಂದಿನಲ್ಲಿ ಸರಿಯಾಗಿ ಉಜ್ಜಬೇಕಿತ್ತು ಕಣಪ್ಪ" ಎಂದು ಎಲ್ಲರಿಗೂ ಕೇಳುವಂತೆ ಮರುಗಿದರು. ಬಳಿಕ ಅವನ ಕಿವಿಯ ಹತ್ತಿರ ಬಗ್ಗಿ, "ನಂದು ಮಧ್ಯಾಹ್ನಾನೇ ಬಂತು. ನಿಮ್ಮ ಲ್ಯಾಬಿನ ಯಜಮಾನರೇ ತಂದುಕೊಟ್ರು" ಎಂದರು.

ಹಾಗಾದರೆ ಕಪಾಟಿನಲ್ಲಿ ಖಾಲಿಯಾದ ಅವರ ಜಾಗದಲ್ಲಿ ಬಂದು ಕೂತಿದ್ದು ಯಾರ ಹಲ್ಲು?

ಭೂತವನ್ನು ಎತ್ತಿಕೊಂಡು, ಮಕ್ಕಳನ್ನು ಮುಂದೆ ಬಿಟ್ಟುಕೊಂಡು ಮೆಟ್ಟಿಲು ಹತ್ತುವಾಗ ಉತ್ತರ ಹಿಂದಿನಿಂದಲೇ ಬಂತು. ಡ್ರಿಲ್ ಮೇಷ್ಟ್ರು ಅವನ ತೋಳು ಹಿಡಿದು ಕರ್ಚೀಫು ಇಳಿಸಿದರು. ಒಳಗೆ ಬರೀ ವಸಡು.

"ಅದು ನಂದು" ಎಂದರು ಪಿಸುದನಿಯಲ್ಲಿ. "ಬೆಳಿಗ್ಗೆ ಬೇಗ ಯಾರೂ ನೋಡ್ದಂಗೆ ತಂದ್ಕೊಡು. ಊರಿಗೆಲ್ಲ ಅದು ನಿಂದೇ ಆಗಿರ್ಲಿ, ಹೆಂಡ್ತಿಗೂ ಹೇಳ್ಬೇಡ. ಮಾತು ಕೊಡು."

ಒಂದೇ ದಿನ ಇಬ್ಬರ ನಂಬಿಕೆ ಕೆಡಿಸಲು ಅವನಿಗೆ ಮುಖವಿರಲಿಲ್ಲ. ಮಾತು ಕೊಟ್ಟ.

ಎಂಟು ಗಂಟೆಗೆ ಹೆಂಡತಿ ಬಂದಳು. ಗೇಟಿನಲ್ಲೇ ಹೆಡ್‌ಮಿಸ್ಸು ಸಿಕ್ಕಿದ್ದರೆಂದು ಮುಖವೇ ಹೇಳುತ್ತಿತ್ತು. ಚಪ್ಪಲಿ ಬಿಟ್ಟು, ಒಂದು ಲೋಟ ನೀರು ತಂದು ಗಂಡನ ಮುಂದಿಟ್ಟಳು.

"ಎಂಟು ವರ್ಷ ಸಂಸಾರ ಮಾಡಿದೀನಿ" ಎಂದಳು. "ಮದುವೆಗೆ ಮುಂಚೆ ಒಂದು ಮಾತು ಹೇಳ್ಬಹುದಿತ್ತು. ಹೋಗ್ಲಿ, ಇನ್ನೇನು ಮುಚ್ಚುಮರೆ. ಬಿಚ್ಚಿ ಇದ್ರಲ್ಲಿಡಿ, ಹಾಕ್ಕೊಂಡೇ ಮಲಗಬಾರ್ದು."

ಹಲ್ಲಪ್ಪ ಬಾಯಿ ತೆರೆದ. ಕೊಟ್ಟ ಮಾತು ನೆನಪಾಗಿ ಮುಚ್ಚಿದ.

ಮಕ್ಕಳಿಬ್ಬರೂ ಕುರ್ಚಿ ಎಳೆದುಕೊಂಡು ಅವನೆದುರು ಕೂತರು.

"ಮೇಲಿಂದು ಮೊದ್ಲು ತೆಗಿ ಅಪ್ಪ" ಎಂದ ಮಗ.